ಮಗುವಿನ ವಿಡಿಯೊ ತೆಗೆಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದು. ಮಗುವಿಗೆ 3 ತಿಂಗಳಾದಾಗ 'ಜನರಲ್ ಮೂವ್‌ಮೆಂಟ್ಸ್' ಪರೀಕ್ಷೆ (ಮಗು ತಾನಾಗಿ ಮೈ, ಕೈಕಾಲು ಆಡಿಸುವುದನ್ನು ನೋಡುವ ಪರೀಕ್ಷೆ) ಬಗ್ಗೆ ಡಾಕ್ಟರನ್ನು ಕೇಳಿ. ತಿಂಗಳನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಿ.

ಸೂಜಿ ಇಲ್ಲ, ಸ್ಕ್ಯಾನ್ ಇಲ್ಲ. ಮಗುವನ್ನು ಅಂಗಾತ ಮಲಗಿಸಿ ಮೂರ್ನಾಲ್ಕು ನಿಮಿಷ ವಿಡಿಯೊ ತೆಗೆದರೆ ಸಾಕು. ಮಗು ಎಚ್ಚರವಾಗಿರಬೇಕು, ಅಳುತ್ತಿರಬಾರದು. ಕೈಕಾಲು ಕಾಣಲಿ. ಗಿಲಕಿ ಬೇಡ, ಮಾತಾಡಿಸುವುದೂ ಬೇಡ (ಅಜ್ಜಿಯಂದಿರಿಗೆ ಮೊದಲೇ ಹೇಳಿಡಿ!). ಕತ್ತು, ಭುಜ, ಮಣಿಕಟ್ಟು, ಪಾದ ಎಲ್ಲಾ ಕಡೆ ಸಣ್ಣ ಸಣ್ಣ ಚಲನೆ ಇದೆಯಾ ಅಂತ ತರಬೇತಿ ಪಡೆದವರು ನೋಡುತ್ತಾರೆ. ಆ ಚಲನೆ ಇಲ್ಲದಿದ್ದರೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಚಲನೆಗೆ ಅಡ್ಡಿಯಾಗುವ ಸ್ಥಿತಿ) ಸಾಧ್ಯತೆ ಜಾಸ್ತಿ. ಆಗ ಥೆರಪಿ ಬೇಗ ಶುರು ಮಾಡಬಹುದು, ಅಲ್ವಾ?

ನೀವೇ ನೋಡಿ ತೀರ್ಮಾನಿಸಿ ಸುಮ್ನೆ ಗಾಬರಿಯಾಗಬೇಡಿ. ವಿಡಿಯೊ ಗುಂಪಿಗೆ ಹಾಕದೆ ಡಾಕ್ಟರಿಗೇ ತೋರಿಸಿ.