ಐವತ್ತರ ಆಚೆಗಿನ ಟಾಲ್‌ಸ್ಟಾಯ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ‘ಅನ್ನಾ ಕರೆನಿನಾ’ ಬರೆದ ಮನುಷ್ಯ ಆಮೇಲೆ ಉಪದೇಶ ಮಾಡುತ್ತಾ ಕೂತು ತನ್ನನ್ನು ತಾನೇ ಹಾಳು ಮಾಡಿಕೊಂಡ, ಐವತ್ತರ ಆಚೆಗಿನ ಟಾಲ್‌ಸ್ಟಾಯ್ ನನಗೆ ಬೇಡ ಅಂತ ಬರೆದಿದ್ದೀಯ. ಈ ಮಾತು ಹೇಳಿದವರಲ್ಲಿ ನೀನೇನು ಮೊದಲಿಗನಲ್ಲ. 1883ರಲ್ಲಿ ರಷ್ಯಾದ ಇನ್ನೊಬ್ಬ ಕಾದಂಬರಿಕಾರ ತುರ್ಗೆನೆವ್ ಸಾಯುವ ಹಾಸಿಗೆಯಲ್ಲಿದ್ದಾಗ, ಪೆನ್ಸಿಲ್ ಹಿಡಿದು ಟಾಲ್‌ಸ್ಟಾಯ್‌ಗೊಂದು ಪತ್ರ ಬರೆದ. ಗೆಳೆಯಾ, ಸಾಹಿತ್ಯಕ್ಕೆ ವಾಪಸ್ ಬಾ ಅಂತ ಬೇಡಿಕೊಂಡ. ಅಷ್ಟು ದೊಡ್ಡ ಲೇಖಕ ಸಾಯುವಾಗ ಕೇಳಿಕೊಂಡರೂ ಟಾಲ್‌ಸ್ಟಾಯ್ ತನ್ನ ದಾರಿ ಬಿಡಲಿಲ್ಲ.

ಆದರೂ ನಿನ್ನ ಮಾತು ನನಗೆ ಒಪ್ಪಿಗೆಯಿಲ್ಲ. ಕಾದಂಬರಿ ಬರೆದವನು ಒಬ್ಬ, ಉಪದೇಶ ಮಾಡಿದವನು ಇನ್ನೊಬ್ಬ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕಾದಂಬರಿ ಬರೆಸಿದ ಕಣ್ಣೇ ಅವನನ್ನು ಆ ನಂಬಿಕೆಗಳ ತನಕ ಎಳೆದುಕೊಂಡು ಹೋಯಿತು. ಪುಸ್ತಕ ಓದಿ ಮಾತ್ರ ಹುಟ್ಟಿದ ನಂಬಿಕೆ ಅವನಲ್ಲಿ ಕಡಿಮೆ. ಒಂದೊಂದರ ಹಿಂದೆಯೂ ಅವನು ಕಣ್ಣಾರೆ ನೋಡಿ ಮರೆಯಲಾಗದ ಏನೋ ಒಂದಿರುತ್ತದೆ.

1857ರಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಕೈದಿಯ ತಲೆ ತೆಗೆಯುವುದನ್ನು ನೋಡಲು ಹೋದ. ಆಗ ಅವನಿಗೆ 28 ವರ್ಷ. ಕ್ರಿಮಿಯಾ ಯುದ್ಧದ ಸೆವಾಸ್ತೊಪೋಲ್ ಮುತ್ತಿಗೆಯಲ್ಲಿ ಫಿರಂಗಿ ದಳದ ಅಧಿಕಾರಿಯಾಗಿ ಇದ್ದು ಬಂದವನು, ಹೆಣಗಳನ್ನು ಕಂಡವನು, ಸಾವು ಅವನಿಗೆ ಹೊಸದಲ್ಲ. ಆದರೆ ಇಲ್ಲಿ ತಲೆಯೂ ಮೈಯೂ ಬೇರೆ ಬೇರೆಯಾಗಿ ಪೆಟ್ಟಿಗೆಯೊಳಗೆ ದಪ್ ಅಂತ ಬಿದ್ದ ಸದ್ದು ಅವನನ್ನು ಅಲುಗಾಡಿಸಿಬಿಟ್ಟಿತು. ಜಗತ್ತಿನ ಜನರೆಲ್ಲ ಸೇರಿ, ಯಾವ ಸಿದ್ಧಾಂತ ಹೇಳಿಕೊಂಡಾದರೂ ಸರಿ, ಇದು ಬೇಕು ಅಂದರೂ ಇದು ಬೇಡ, ಇದು ಕೆಟ್ಟದ್ದು ಅಂತ ಬುದ್ಧಿಯಿಂದಲ್ಲ, ಇಡೀ ಮೈಯಿಂದ ಅವನಿಗೆ ಗೊತ್ತಾಯಿತಂತೆ. ಇದನ್ನು ಅವನೇ ಇಪ್ಪತ್ತು ವರ್ಷದ ಮೇಲೆ ಬರೆದ.

ಇನ್ನೊಂದು ಸಂಗತಿ ನಿನಗೆ ಗೊತ್ತಿದೆಯೋ ಇಲ್ಲವೋ. 1866, ಅಂದರೆ ‘ಯುದ್ಧ ಮತ್ತು ಶಾಂತಿ’ ಬರೆಯುತ್ತಿದ್ದ ಕಾಲ. ಅವನ ಊರು ಯಾಸ್ನಯಾ ಪೊಲ್ಯಾನಾದ ಹತ್ತಿರವೇ ಬೀಡುಬಿಟ್ಟಿದ್ದ ಒಂದು ರೆಜಿಮೆಂಟಿನಲ್ಲಿ ಶಬೂನಿನ್ ಅನ್ನುವ ಗುಮಾಸ್ತ ಸಿಪಾಯಿ ತನ್ನ ಮೇಲಧಿಕಾರಿಯ ಕಪಾಳಕ್ಕೆ ಹೊಡೆದ. ಅದಕ್ಕೆ ಮರಣದಂಡನೆ. ಟಾಲ್‌ಸ್ಟಾಯ್ ಸೈನ್ಯದ ಕೋರ್ಟಿನಲ್ಲಿ ಅವನ ಪರವಾಗಿ ವಾದ ಮಾಡಿದ. ಸೋತ. ಆಮೇಲೆ ಅರಮನೆಯಲ್ಲಿದ್ದ ತನ್ನ ಸಂಬಂಧಿಗೆ ಪತ್ರ ಬರೆದು, ಚಕ್ರವರ್ತಿಯಿಂದ ಕ್ಷಮೆ ಕೊಡಿಸಿ ಅಂತ ಕೇಳಿಕೊಂಡ. ಆದರೆ ಪತ್ರದಲ್ಲಿ ರೆಜಿಮೆಂಟಿನ ಹೆಸರು ಬರೆಯುವುದೇ ಮರೆತುಹೋಗಿತ್ತು! ಯಾವ ರೆಜಿಮೆಂಟು ಅಂತ ಅವರು ಕೇಳಿ, ಇವನು ಉತ್ತರ ಕಳಿಸುವಷ್ಟರಲ್ಲಿ ಕಾಲ ಮೀರಿತ್ತು. ಶಬೂನಿನ್‌ನನ್ನು ಗುಂಡಿಟ್ಟು ಕೊಂದರು. ನಲವತ್ತು ವರ್ಷ ಕಳೆದ ಮೇಲೂ, ತನ್ನ ಜೀವನಚರಿತ್ರೆ ಬರೆಯುತ್ತಿದ್ದವನಿಗೆ ಟಾಲ್‌ಸ್ಟಾಯ್ ಹೇಳಿದ್ದು ಇದನ್ನೇ: ಆಸ್ತಿ ಬಂದದ್ದು ಹೋದದ್ದು, ಹೆಸರು ಬಂದದ್ದು, ಹತ್ತಿರದವರು ಸತ್ತದ್ದು, ಇವೆಲ್ಲಕ್ಕಿಂತ ಈ ಸಿಪಾಯಿಯ ಸಾವು ತನ್ನ ಮೇಲೆ ಜಾಸ್ತಿ ಪರಿಣಾಮ ಮಾಡಿತು ಅಂತ.

ಈಗ ಹೇಳು, ಉಪದೇಶಕ ಹುಟ್ಟಿದ್ದು ಐವತ್ತರ ನಂತರವಾ?

ಐವತ್ತರ ಹೊತ್ತಿಗೆ ಆದದ್ದೇ ಬೇರೆ. ಯಾವ ಕೊರತೆಯೂ ಇಲ್ಲದ ಮನುಷ್ಯ ಅವನು. ಜಮೀನು, ಹೆಂಡತಿ, ಮಕ್ಕಳು, ಒಳ್ಳೆಯ ಆರೋಗ್ಯ, ದೇಶದ ತುಂಬ ಹೆಸರು. ಸಮಾರಾದಲ್ಲಿ ಆರು ಸಾವಿರ ದೆಸ್ಯಾತಿನಾ (ನಮ್ಮ ಎಕರೆಯ ಹಾಗೆ ರಷ್ಯಾದ ಅಳತೆ) ಜಮೀನು, ಮುನ್ನೂರು ಕುದುರೆ ಇದೆ ಅಂತಿಟ್ಟುಕೋ, ಆಮೇಲೆ? ಗೊಗೋಲ್, ಪುಷ್ಕಿನ್, ಷೇಕ್ಸ್‌ಪಿಯರ್ ಎಲ್ಲರನ್ನೂ ಮೀರಿಸಿದ ಹೆಸರು ಬಂತು ಅಂತಿಟ್ಟುಕೋ, ಆಮೇಲೆ? ಈ ‘ಆಮೇಲೆ?’ಗೆ ಅವನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ಒಬ್ಬನೇ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಹಗ್ಗ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟ. ಕೋವಿ ಹಿಡಿದು ಬೇಟೆಗೆ ಹೋಗುವುದನ್ನು ಬಿಟ್ಟ. ಎಲ್ಲಿ ತನ್ನ ಮೇಲೇ ಹಾರಿಸಿಕೊಂಡುಬಿಡುತ್ತೇನೋ ಅನ್ನುವ ಭಯ.

ಇದೆಲ್ಲ ‘ಕನ್ಫೆಶನ್’ ಅನ್ನುವ ಅವನ ಸಣ್ಣ ಪುಸ್ತಕದಲ್ಲಿದೆ. ಅದರಲ್ಲಿ ಪೂರ್ವದೇಶದ ಕಥೆ ಅಂತ ಅವನು ಹೇಳುವ ಒಂದು ಕಥೆ ಬರುತ್ತದೆ. ಕಾಡುಮೃಗ ಅಟ್ಟಿಸಿಕೊಂಡು ಬಂದಾಗ ದಾರಿಹೋಕನೊಬ್ಬ ಬಾವಿಗೆ ಇಳಿಯುತ್ತಾನೆ. ಕೆಳಗೆ ಘಟಸರ್ಪ ಬಾಯಿ ತೆರೆದು ಕಾದಿದೆ. ಹಿಡಿದುಕೊಂಡ ಕೊಂಬೆಯನ್ನು ಒಂದು ಬಿಳಿ, ಒಂದು ಕಪ್ಪು ಇಲಿ ಕಡಿಯುತ್ತಿವೆ. ಅಂಥದ್ದರಲ್ಲೂ ಎಲೆಯ ಮೇಲಿನ ಜೇನಹನಿ ಕಂಡು ನಾಲಿಗೆ ಚಾಚುತ್ತಾನೆ. ಇದು ನಮ್ಮದೇ ಕಥೆ ಅಲ್ವಾ? ಮಹಾಭಾರತದ ಸ್ತ್ರೀಪರ್ವದಲ್ಲಿ, ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರನಿಗೆ ವಿದುರ ಹೇಳುವುದೂ ಇದನ್ನೇ. ಜೈನರಲ್ಲಿ ಮಧುಬಿಂದು ಅಂತ ಇದೇ ಕಥೆ. ಅದು ದೇಶ ದೇಶ ದಾಟಿ ರಷ್ಯಾ ಮುಟ್ಟಿತ್ತು. ಟಾಲ್‌ಸ್ಟಾಯ್ ಅದಕ್ಕೆ ತನ್ನದೊಂದು ಮಾತು ಸೇರಿಸುತ್ತಾನೆ. ನನಗೆ ಎರಡು ಹನಿ ಜೇನಿತ್ತು, ಮನೆಯವರ ಪ್ರೀತಿ ಒಂದು, ಬರವಣಿಗೆ ಇನ್ನೊಂದು, ಈಗ ಎರಡೂ ಸಿಹಿ ಅನ್ನಿಸುತ್ತಿಲ್ಲ ಅಂತ. ಕಾದಂಬರಿ ಬಿಟ್ಟುಬಿಟ್ಟ ಅಂತ ನೀನು ಬೈಯುತ್ತೀಯಲ್ಲ, ಈ ಪುಟ ಓದಿದ ಮೇಲೂ ಬೈಯಲು ನಿನಗೆ ಮನಸ್ಸು ಬರುತ್ತದಾ ನೋಡು.

ಇದರಿಂದ ಹೊರಗೆ ಬಂದದ್ದೂ ನೋಡಿಯೇ. ಸುತ್ತಲಿನ ರೈತರನ್ನು ನೋಡಿದ. ಮೈಮುರಿದು ದುಡಿಯುತ್ತಾರೆ, ಕಷ್ಟಪಡುತ್ತಾರೆ, ಸಾವು ಬಂದಾಗ ಗಲಾಟೆ ಮಾಡದೆ ಸಾಯುತ್ತಾರೆ. ಇವರಿಗೆ ಗೊತ್ತಿರುವುದು ನನಗೆ ಯಾಕೆ ಗೊತ್ತಿಲ್ಲ ಅಂತ ಅವರ ಹಿಂದೆ ತಾನೂ ಚರ್ಚಿಗೆ ಹೋದ. ಉಪವಾಸ ಮಾಡಿದ, ಪ್ರಾರ್ಥನೆ ಮಾಡಿದ. ಹೆಚ್ಚು ಕಾಲ ಆಗಲಿಲ್ಲ. ತುರ್ಕಿಯ ಜೊತೆ ಯುದ್ಧ ಶುರುವಾದಾಗ ಅದೇ ಚರ್ಚು ನಮ್ಮ ಸೈನ್ಯ ಗೆಲ್ಲಲಿ ಅಂತ ಪ್ರಾರ್ಥನೆ ಮಾಡುವುದನ್ನು ಕೇಳಿದ. ಅಲ್ಲಿಗೆ ಅವನಿಗೆ ಸಾಕಾಯಿತು.

ಆಮೇಲೆ ಗ್ರೀಕ್ ಇಟ್ಟುಕೊಂಡು ಬೈಬಲ್ಲಿನ ಸುವಾರ್ತೆಗಳನ್ನು ತಾನೇ ಓದಲು ಕೂತ. ಪವಾಡ ಬೇಡ, ಯೇಸು ದೇವರು ಅನ್ನುವ ಮಾತು ಬೇಡ, ಪಾದ್ರಿ ಬೇಡ. ಯೇಸು ಬೆಟ್ಟದ ಮೇಲೆ ಮಾಡಿದ ಪ್ರಸಂಗ ಒಂದು ಸಾಕು. ಕೋಪ ಮಾಡಿಕೊಳ್ಳಬೇಡ, ಕಾಮದಿಂದ ನೋಡಬೇಡ, ಆಣೆ ಇಡಬೇಡ, ಕೆಡುಕನ್ನು ಬಲದಿಂದ ಎದುರಿಸಬೇಡ, ಶತ್ರುವನ್ನೂ ಪ್ರೀತಿಸು. ಇಷ್ಟೇ. ಆದರೆ ಇಷ್ಟನ್ನು ಅಕ್ಷರಶಃ ನಂಬಿದರೆ ಏನಾಗುತ್ತದೆ ಯೋಚಿಸು. ಸೈನ್ಯ ನಿಲ್ಲುವುದಿಲ್ಲ, ಕೋರ್ಟು ನಿಲ್ಲುವುದಿಲ್ಲ, ಜೈಲು, ತ್ಸಾರ್ ಅನ್ನುವ ಚಕ್ರವರ್ತಿ ಯಾವುದೂ ನಿಲ್ಲುವುದಿಲ್ಲ. ಸರ್ಕಾರ ಅವನ ಪುಸ್ತಕಗಳನ್ನು ತಡೆಹಿಡಿದದ್ದು, 1901ರಲ್ಲಿ ಚರ್ಚು ಅವನನ್ನು ಹೊರಗಿಟ್ಟದ್ದು ಸುಮ್ನೆ ಅಲ್ಲ.

1881ರಲ್ಲಿ ಸಂಸಾರ ಮಾಸ್ಕೋಗೆ ಬಂತು. ಆ ಚಳಿಗಾಲದಲ್ಲಿ ಅವನು ಬಡವರ ರಾತ್ರಿ ಆಶ್ರಯವೊಂದನ್ನು ನೋಡಲು ಹೋದ. ಹೊರಗೆ ಚಳಿಯಲ್ಲಿ ನಡುಗುತ್ತಾ ನಿಂತವರಿಗೆ ಜೇನು, ಮಸಾಲೆ ಹಾಕಿದ ಬಿಸಿ ಪಾನೀಯ ಕೊಡಿಸಿದ, ಕೈಯಲ್ಲಿದ್ದ ದುಡ್ಡು ಹಂಚಿದ, ಒಳಗೆ ಹೋಗಿ ಹಲಗೆ ಮಂಚಗಳ ಮೇಲೆ ಸಾಲಾಗಿ ಕೂತವರನ್ನು ನೋಡಿದ. ಮನೆಗೆ ಬಂದ. ಕಾರ್ಪೆಟ್ ಹಾಸಿದ ಮೆಟ್ಟಿಲು ಹತ್ತಿ, ಕೋಟು ಕಳಚಿ, ಬಿಳಿ ಟೈ, ಬಿಳಿ ಕೈಗವಸು ತೊಟ್ಟ ಆಳುಗಳು ಒಂದಾದ ಮೇಲೊಂದು ಐದು ಬಗೆ ತಂದು ಬಡಿಸುವ ಊಟಕ್ಕೆ ಕೂತ. ಆಗ ಅವನಿಗೆ ನೆನಪಾದದ್ದು ಪ್ಯಾರಿಸ್! ಅಲ್ಲಿ ತಲೆ ಬೀಳುವಾಗ ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಪಾಪದಲ್ಲಿ ನನಗೂ ಪಾಲಿತ್ತು. ಇಲ್ಲಿ ಇಷ್ಟು ಜನ ಹಸಿದು ನಡುಗುವಾಗ ನಾನು ಹೊಟ್ಟೆ ತುಂಬ ತಿನ್ನುತ್ತಿದ್ದೇನೆ, ಇದರಲ್ಲೂ ನನಗೆ ಪಾಲಿದೆ ಅಂತ. ಅದೇ ಸಂಜೆ ಗೆಳೆಯನೊಬ್ಬನ ಜೊತೆ ಮಾತಾಡುತ್ತಾ, ಹೀಗೆ ಬದುಕಬಾರದು, ಹೀಗೆ ಬದುಕಲಾಗದು ಅಂತ ಅಳುದನಿಯಲ್ಲಿ ಕಿರುಚಿದ. ಏನಾಯಿತೋ ಅಂತ ಹೆಂಡತಿ ಗಾಬರಿಯಿಂದ ಓಡಿಬಂದಳು.

ಮಾಂಸ ಬಿಟ್ಟವನು ಬಿಟ್ಟ ಮೇಲೂ ಸುಮ್ಮನೆ ಕೂರಲಿಲ್ಲ, ತೂಲಾ ಪಟ್ಟಣದ ಕಸಾಯಿಖಾನೆಗೆ ಹೋಗಿ ನಿಂತು ನೋಡಿ ಬಂದ. ಕಡಿಯುವವನನ್ನೇ ಮಾತಾಡಿಸಿದ. ಸಾಧು ದನ ನಮ್ಮನ್ನು ನಂಬಿಕೊಂಡು ಬರುತ್ತದಲ್ಲ, ಆಗ ಪಾಪ ಅನ್ನಿಸುತ್ತದೆ ಅಂದನಂತೆ ಆ ಮನುಷ್ಯ. 1891ರಲ್ಲಿ ಬರಗಾಲ ಬಂದಾಗ, 63ನೇ ವಯಸ್ಸಿನಲ್ಲಿ, ರ‍್ಯಾಜಾನ್ ಪ್ರಾಂತದ ಬೆಗಿಚೆವ್ಕಾ ಅನ್ನುವ ಹಳ್ಳಿಗೆ ಹೋಗಿ ಕೂತು ಗಂಜಿಕೇಂದ್ರ ತೆರೆಯುತ್ತಾ ಹೋದ. ಸುತ್ತಲ ಹಳ್ಳಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಕೇಂದ್ರ ಆದವು. ಉಪದೇಶ ಮಾಡಿದವನು ಸೌದೆ, ಹಿಟ್ಟು, ಬೀಟ್‌ರೂಟ್ ಲೆಕ್ಕ ಬರೆಯುತ್ತಾ ಒಂದು ಚಳಿಗಾಲ ಕಳೆದ. ಇದನ್ನು ನೀನು ಮರೆಯಬಾರದು.

ಆ ಗಂಜಿಕೇಂದ್ರಗಳಿಗೆ ದುಡ್ಡು ಬಂದದ್ದು ಹೇಗೆ ಗೊತ್ತಾ? ಅವನ ಹೆಂಡತಿ ಸೋಫಿಯಾ ಪತ್ರಿಕೆಯೊಂದಕ್ಕೆ ಬರೆದ ಮನವಿ ಓದಿ ಜನ ಕಳಿಸಿದರು. ಇಲ್ಲಿಗೆ ಬಂದಾಗ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಇಷ್ಟೆಲ್ಲ ಕಂಡ ಕಣ್ಣಿಗೆ ಮನೆಯೊಳಗಿನ ಈ ಹೆಂಗಸು ಪೂರ್ತಿ ಕಾಣಲಿಲ್ಲ. 1862ರಲ್ಲಿ ಮದುವೆಯಾದಾಗ ಅವಳಿಗೆ 18, ಅವನಿಗೆ 34. ಏನೂ ಮುಚ್ಚಿಡಬಾರದು ಅಂತ ಮದುವೆಗೆ ಮುಂಚೆ ತನ್ನ ದಿನಚರಿ ಕೊಟ್ಟು ಓದಿಸಿದ. ಹಳೆಯ ಹೆಂಗಸರ ಸಹವಾಸವೆಲ್ಲ ಅದರಲ್ಲಿತ್ತು. ಅವನಿಂದ ಮಗು ಪಡೆದ ರೈತ ಹೆಂಗಸು ಅದೇ ಊರಿನಲ್ಲಿದ್ದಳು. ಅವನ ಪಾಲಿಗೆ ಅದು ಸತ್ಯ, ಅವಳ ಪಾಲಿಗೆ ಆರದ ಗಾಯ. ‘ಅನ್ನಾ ಕರೆನಿನಾ’ದಲ್ಲಿ ಲೆವಿನ್ ತಾನು ಮದುವೆಯಾಗಲಿರುವ ಕಿಟ್ಟಿಗೆ ದಿನಚರಿ ಕೊಡುತ್ತಾನಲ್ಲ, ಅದು ಇದೇ. ಕಿಟ್ಟಿಯ ಅಳು ಕಾದಂಬರಿಕಾರನಿಗೆ ಕಾಣಿಸಿತು, ಸೋಫಿಯಾಳ ಅಳು ಗಂಡನಿಗೆ ಎಷ್ಟು ಕಾಣಿಸಿತೋ.

13 ಮಕ್ಕಳನ್ನು ಹೆತ್ತಳು, ಐವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಳು. ‘ಯುದ್ಧ ಮತ್ತು ಶಾಂತಿ’ಯ ಗೀಚು ಹಾಳೆಗಳನ್ನು ರಾತ್ರಿ ಕೂತು ಮತ್ತೆ ಮತ್ತೆ ನಕಲು ಮಾಡಿದಳು. ಅವನ ಪುಸ್ತಕವೊಂದನ್ನು ಸರ್ಕಾರ ತಡೆದಾಗ ತಾನೇ ಪೀಟರ್ಸ್‌ಬರ್ಗಿಗೆ ಹೋಗಿ ತ್ಸಾರ್‌ನನ್ನು ಕಂಡು ಅನುಮತಿ ತಂದಳು. 1881ರ ನಂತರ ಬರೆದದ್ದಕ್ಕೆಲ್ಲ ಹಕ್ಕು ಬೇಡ, ಯಾರು ಬೇಕಾದರೂ ಅಚ್ಚು ಹಾಕಲಿ ಅಂತ ಅವನು ಹೇಳಿದಾಗ ಮಕ್ಕಳ ಗತಿ ಏನು ಅಂತ ಕೇಳಿದ್ದು ಅವಳು. ಅದಕ್ಕೇ ಜನ ಅವಳನ್ನು ಆಸೆಬುರುಕಿ ಅಂದರು. ಕೊನೆಗೆ 1910ರಲ್ಲಿ ಅವಳಿಗೆ ಗೊತ್ತಾಗದ ಹಾಗೆ ಕಾಡಿನಲ್ಲಿ ಒಂದು ಮರದ ಬೊಡ್ಡೆಯ ಮೇಲೆ ಕೂತು ಉಯಿಲಿಗೆ ಸಹಿ ಮಾಡಿದ. ಸತ್ಯ ಸತ್ಯ ಅಂತ ಜೀವ ತೇಯ್ದವನು ಹೆಂಡತಿಯಿಂದ ಬಚ್ಚಿಟ್ಟುಕೊಂಡು ಹಾಗೆ ಮಾಡಿದ್ದನ್ನು ನಾನು ಒಪ್ಪಲಾರೆ.

ಗಾಂಧಿಯವರ ಬಗ್ಗೆ ನಿನಗೆ ಹೇಳಬೇಕಾಗಿಲ್ಲ. ಆದರೂ ಒಂದು ಮಾತು. 1908ರ ಡಿಸೆಂಬರಿನಲ್ಲಿ ಟಾಲ್‌ಸ್ಟಾಯ್ ಭಾರತದ ಕ್ರಾಂತಿಕಾರಿ ತಾರಕನಾಥ ದಾಸ್ ಅವರಿಗೆ ಉತ್ತರವಾಗಿ ಭಾರತದ ಬಗ್ಗೆ ದೊಡ್ಡ ಪತ್ರ ಬರೆದ. ವ್ಯಾಪಾರಕ್ಕೆ ಬಂದ ಒಂದು ಕಂಪನಿ 20 ಕೋಟಿ ಜನರನ್ನು ಹೇಗೆ ಗುಲಾಮರನ್ನಾಗಿ ಮಾಡಿತು, ಅಷ್ಟು ಜನ ಒಪ್ಪದೆ ಇದ್ದರೆ ಅದು ಆಗುತ್ತಿತ್ತಾ ಅಂತ ಕೇಳಿದ. ಮುಂದಿನ ವರ್ಷ ಲಂಡನ್‌ನಿಂದ ದಕ್ಷಿಣ ಆಫ್ರಿಕಾಕ್ಕೆ ಹಡಗಿನಲ್ಲಿ ಹೋಗುತ್ತಾ ಗಾಂಧಿ ಅದನ್ನು ಗುಜರಾತಿಗೆ ಅನುವಾದ ಮಾಡಿದರು. ಅದೇ ಪ್ರಯಾಣದಲ್ಲಿ ‘ಹಿಂದ್ ಸ್ವರಾಜ್’ ಕೂಡ ಬರೆದರು. ಟಾಲ್‌ಸ್ಟಾಯ್‌ನ ‘ದೇವರ ರಾಜ್ಯ ನಿಮ್ಮೊಳಗೇ ಇದೆ’ ಪುಸ್ತಕವನ್ನಂತೂ ಅವರು ಅದಕ್ಕೂ ಎಷ್ಟೋ ವರ್ಷ ಮೊದಲೇ ಓದಿದ್ದರು. ನೀನು ಬೇಡ ಅನ್ನುವ ಟಾಲ್‌ಸ್ಟಾಯ್ ನಮ್ಮ ಮನೆಯ ತನಕ ಬಂದವನು, ಮಾರಾಯ.

ಅದೇ 1908ರಲ್ಲಿ, ರೈತರನ್ನು ಒಟ್ಟಿಗೆ ಗಲ್ಲಿಗೇರಿಸಿದ ಸುದ್ದಿ ಪೇಪರಿನಲ್ಲಿ ಓದಿ ‘ಸುಮ್ಮನಿರಲಾರೆ’ ಅಂತ ಬರೆದ. ಇವರನ್ನು ಕೊಲ್ಲುತ್ತಿರುವುದು ನನ್ನಂಥವರ ನೆಮ್ಮದಿಗಾಗಿ ತಾನೆ, ಹಾಗಾದರೆ ಆ ಸೋಪು ಹಚ್ಚಿದ ಕುಣಿಕೆಯನ್ನು ನನ್ನ ಮುದಿ ಕುತ್ತಿಗೆಗೂ ಬಿಗಿಯಿರಿ ಅಂದ. ಆಗ ಅವನಿಗೆ 79. ಪ್ಯಾರಿಸ್‌ನ ಆ ಸದ್ದು ಅರ್ಧ ಶತಮಾನ ಅವನ ಕಿವಿಯಲ್ಲೇ ಇತ್ತು ಅನ್ನಿಸುತ್ತದೆ ನನಗೆ.

1910ರಲ್ಲಿ ರಾತ್ರೋರಾತ್ರಿ ಮನೆ ಬಿಟ್ಟದ್ದು, ಅಸ್ತಾಪೊವೊ ರೈಲು ನಿಲ್ದಾಣದಲ್ಲಿ ಸತ್ತದ್ದು ಎಲ್ಲರಿಗೂ ಗೊತ್ತು. ನಿಲ್ದಾಣದ ಮಾಸ್ತರರ ಮನೆಯಲ್ಲಿ ಅವನು ಮಲಗಿದ್ದಾಗ ಸೋಫಿಯಾ ಹೊರಗಿನಿಂದ ಕಿಟಕಿಯಲ್ಲಿ ಇಣುಕುತ್ತಿದ್ದಳು. ಪ್ರಜ್ಞೆ ತಪ್ಪಿದ ಮೇಲಷ್ಟೇ ಅವಳನ್ನು ಒಳಗೆ ಬಿಟ್ಟರು. 48 ವರ್ಷ ಸಂಸಾರ ಮಾಡಿದವಳನ್ನು!

ಈಗ ನಿನ್ನ ಮುಖ್ಯ ಮಾತಿಗೆ ಬರುತ್ತೇನೆ. ಉಪದೇಶ ಕಲೆಯನ್ನು ತಿಂದುಹಾಕಿತು ಅಂತೀಯಲ್ಲ, ಹಾಗಾದರೆ ಅವನ ಕಿರುಕಾದಂಬರಿ ‘ಹಾಜಿ ಮುರಾದ್’ ಓದು. ಎಪ್ಪತ್ತು ದಾಟುವ ವಯಸ್ಸಿನಲ್ಲಿ ತಿದ್ದಿ ತಿದ್ದಿ ಬರೆದದ್ದು, ಅಚ್ಚಾದದ್ದು ಅವನು ಸತ್ತ ಮೇಲೆ. ಅದರ 17ನೇ ಅಧ್ಯಾಯ ತೆಗಿ, ಎರಡು ಮೂರು ಪುಟವೂ ಇಲ್ಲ. ರಷ್ಯಾದ ಸೈನ್ಯ ದಾಳಿ ಮಾಡಿ ಹೋದ ಮೇಲೆ ಸಾದೊ ಅನ್ನುವ, ಕಾಕಸಸ್ ಬೆಟ್ಟಸೀಮೆಯ ಚೆಚೆನ್ ರೈತ ಊರಿಗೆ ವಾಪಸ್ ಬರುತ್ತಾನೆ. ಮನೆಯ ಮಾಡು ಕುಸಿದಿದೆ. ಕಥಾನಾಯಕ ಹಾಜಿ ಮುರಾದ್ ಮನೆಗೆ ಬಂದಾಗ ಕಣ್ಣರಳಿಸಿ ನೋಡಿದ್ದ ಅವನ ಮಗ ಬೆನ್ನಿಗೆ ಬಯೊನೆಟ್ ಚುಚ್ಚಿಸಿಕೊಂಡು ಸತ್ತಿದ್ದಾನೆ. ಜೇನುಗೂಡುಗಳನ್ನು ಸುಟ್ಟಿದ್ದಾರೆ, ಮುದುಕ ನೆಟ್ಟು ಬೆಳೆಸಿದ ಹಣ್ಣಿನ ಗಿಡಗಳನ್ನು ಮುರಿದಿದ್ದಾರೆ, ಕುಡಿಯುವ ನೀರಿನಲ್ಲೂ ಮಸೀದಿಯಲ್ಲೂ ಹೊಲಸು ಮಾಡಿ ಹೋಗಿದ್ದಾರೆ. ಅದರ ಹಿಂದಿನ ಅಧ್ಯಾಯದಲ್ಲಿ ಇದೇ ದಾಳಿಗೆ ಹೋಗುವ ಯುವ ಅಧಿಕಾರಿ ಎಷ್ಟು ಖುಷಿಯಲ್ಲಿದ್ದಾನೆ ಗೊತ್ತಾ? ಹುಡುಗನಾಗಿದ್ದಾಗ ಟಾಲ್‌ಸ್ಟಾಯ್ ಕೂಡ ಕಾಕಸಸ್‌ನಲ್ಲಿ ಅಂಥ ದಾಳಿಗಳಿಗೆ ಹೋದವನೇ. ಎರಡು ಅಧ್ಯಾಯವನ್ನೂ ಒಟ್ಟಿಗೆ ಓದು. ಅದರಲ್ಲಿ ಉಪದೇಶದ ಒಂದು ಸಾಲು ಎಲ್ಲಿದೆ ಅಂತ ಹುಡುಕಿ ನನಗೆ ಬರೆ. ನಿನ್ನ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿನ್ನ
ಗೆಳೆಯ