ಆನೆಸಾಲಿನ ಮುಂದೆ ಕೂತು ನೋಡು

ಹಾಸನ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ಐದು ಸಂಪುಟಗಳ ಫ್ಯಾಂಟಸಿ ಸರಣಿಗೆ ಕನ್ನಡದಲ್ಲಿ ಕೈಹಾಕಿದ್ದೀಯ, ನನಗೆ ತುಂಬಾ ಹಿಗ್ಗಾಯಿತು. ಆದರೆ ಮೊದಲ ಮೂವತ್ತು ಪುಟ ರಾಜರ ವಂಶಾವಳಿಯಲ್ಲೇ ಕಳೆದುಹೋಯಿತು. ಹರಿಗೋಲಿನ ಹುಡುಗಿ ನೆರೆಯ ನೀರಲ್ಲಿ ಹುಟ್ಟು ಕಳೆದುಕೊಂಡು ಅಂಗೈಯಲ್ಲೇ ನೀರು ತಳ್ಳುತ್ತಾಳಲ್ಲ, ಅಲ್ಲಿ ನಾನು ನೆಟ್ಟಗೆ ಕೂತೆ. ಕತೆಯನ್ನು ಅಲ್ಲಿಂದಲೇ ಶುರುಮಾಡು.

ಬೇಲೂರಿನ ಬಾಗಿಲಲ್ಲಿ ಸಳನನ್ನು ನೋಡಿದ್ದೀಯ. ಅಷ್ಟು ದೊಡ್ಡ ರಾಜವಂಶದ ಕತೆಯನ್ನು ನಮ್ಮ ಜನ ಹೇಗೆ ಶುರುಮಾಡುತ್ತಾರೆ? ಹುಲಿ ಎರಗುತ್ತದೆ, ಗುರು ‘ಹೊಯ್ ಸಳ’ ಅಂತ ಕೂಗುತ್ತಾನೆ, ಹುಡುಗ ಹೊಡೆಯುತ್ತಾನೆ. ಅವನ ತಾತ ಯಾರು ಅಂತ ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ನಿನ್ನ ನಕ್ಷೆ. ಏಳು ರಾಜ್ಯಗಳಿವೆ, ಏಳರಲ್ಲೂ ಒಂದೇ ಊಟ, ಒಂದೇ ಮಳೆ. ಒಂದು ದಿನ ಬಿಡುವು ಮಾಡಿಕೊಂಡು ಸಕಲೇಶಪುರದಿಂದ ಅರಸೀಕೆರೆಗೆ ಹೋಗಿ ಬಾ. ಹೊರಡುವಾಗ ಕಾಫಿ, ಏಲಕ್ಕಿ, ಕಾಲಿಗೆ ಹತ್ತುವ ಜಿಗಣೆ. ಹಾಸನದ ಸುತ್ತ ಆಲೂಗೆಡ್ಡೆ, ರಾಗಿ. ಅರಸೀಕೆರೆಯಲ್ಲಿ ತೆಂಗು, ಕೊಬ್ಬರಿ, ಬಾಯಿ ತೆರೆದರೆ ಬೋರ್‌ವೆಲ್ ಮಾತು. ಇಷ್ಟೂ ಒಂದೇ ಜಿಲ್ಲೆ! ಸಕಲೇಶಪುರದವರು ಮಳೆ ಬಿಟ್ಟರೆ ಸಾಕು ಅನ್ನುವಾಗ ಅರಸೀಕೆರೆಯವರು ಒಂದು ಹದ ಮಳೆಗೆ ಹರಕೆ ಹೊರುತ್ತಾರೆ. ಇಂಥ ಎರಡು ಸೀಮೆಗಳ ನಡುವೆ ಒಂದು ಹೊಳೆ ಹರಿಸಿದರೆ ಸಾಕು, ಜಗಳ ತಾನಾಗಿ ಹುಟ್ಟುತ್ತದೆ; ಶಾಪ ತಗುಲಿದ ಕಿರೀಟ ಬೇಕಾಗುವುದಿಲ್ಲ. ನಿನ್ನ ಮಾಟಗಾತಿ ಮಳೆ ಕರೆಯುತ್ತಾಳಲ್ಲ, ಆ ಮಳೆ ಯಾರ ಹೊಲಕ್ಕೆ ತಪ್ಪಿತು? ಅಲ್ಲಿ ಪೈರು ಒಣಗಿದ ಮನೆಯೊಂದಕ್ಕೆ ಅವಳನ್ನು ಕರೆದುಕೊಂಡು ಹೋಗು, ಅವರ ಕೈಯಿಂದಲೇ ಒಂದು ಲೋಟ ನೀರು ಕುಡಿಸು. ಆಮೇಲೆ ಅವಳು ಮಂತ್ರಕ್ಕೆ ಬಾಯಿ ತೆರೆದಾಗಲೆಲ್ಲ ಓದುವವರ ಎದೆ ಹೊಡೆದುಕೊಳ್ಳುತ್ತದೆ.

ನನಗೆ ಸಂಕಟವಾದದ್ದು ಕೊನೆಯ ಪುಟ. ಹುಡುಗಿ ಕೋಟೆಯ ಬಾಗಿಲು ತಟ್ಟುತ್ತಾಳೆ, ಪುಸ್ತಕ ಮುಗಿಯುತ್ತದೆ. ನಾಲ್ಕುನೂರು ಪುಟ ನಂಬಿ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿಬಿಟ್ಟೆ. ನನ್ನ ಮೊದಲ ಕಾದಂಬರಿಯಲ್ಲಿ ನಾನೂ ಹೀಗೇ ಮಾಡಿದೆ. ಮೂರು ಭಾಗ ಅಂದುಕೊಂಡು, ಒಳ್ಳೊಳ್ಳೆಯ ದೃಶ್ಯಗಳನ್ನೆಲ್ಲ ಮೂರನೆಯದಕ್ಕೆ ಎತ್ತಿಟ್ಟೆ. ಎರಡನೆಯದೇ ಅಚ್ಚಾಗಲಿಲ್ಲ. ಅವು ಈಗಲೂ ನೋಟ್‌ಬುಕ್ಕಿನಲ್ಲೇ ಇವೆ, ತೆಗೆದಾಗಲೆಲ್ಲ ನೋವಾಗುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಶಿಖರವಿಲ್ಲ. 12ನೇ ಶತಮಾನದಲ್ಲಿ ಶುರುವಾದ ಕೆಲಸ ಪೂರ್ತಿಯಾಗಲೇ ಇಲ್ಲ. ನೀನು ಹೋದಾಗ ಗೋಡೆಯ ತೀರಾ ಕೆಳಗಿನ ಆನೆಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೇ ಒಂದು ಆನೆ ನೋಡು. ಸೊಂಡಿಲು ಮಡಿಸಿದ ಬಗೆ, ಎತ್ತಿದ ಕಾಲು, ಮೈಮೇಲಿನ ಹಗ್ಗ. ಪಕ್ಕದ್ದು ಇದರ ಹಾಗಿರುವುದಿಲ್ಲ. ಮೇಲೆ ಶಿಖರ ಏರಲಿ ಬಿಡಲಿ, ಕೆತ್ತಿದವನು ಈ ಆನೆಗೆ ಕೊಡಬೇಕಾದ್ದನ್ನು ಕೊಟ್ಟೇ ಎದ್ದಿದ್ದಾನೆ.

ಹುಡುಗಿಯ ಅಪ್ಪನ ಹರಿಗೋಲು ಮುಳುಗಿಸಿದವರು ಯಾರು ಅನ್ನುವುದು ನೀನೇ ಎತ್ತಿದ ಪ್ರಶ್ನೆ. ಅದರ ಉತ್ತರ ಈ ಸಂಪುಟದಲ್ಲೇ ಅವಳಿಗೆ ಸಿಗಲಿ, ಅದು ಅವಳು ಹೆದರಿದ್ದಕ್ಕಿಂತ ಹತ್ತಿರದವರ ಹೆಸರಾಗಿರಲಿ. ಏಳು ರಾಜ್ಯಗಳ ಯುದ್ಧ ಕಾಯುತ್ತದೆ.

ಮಳೆಗಾಲ ಮುಗಿಯುವುದರೊಳಗೆ ತಿದ್ದಿ ಕಳಿಸು. ಆ ಬಾಗಿಲು ತೆರೆದವರು ಯಾರು ಅಂತ ನನಗೆ ತಿಳಿಯಬೇಕು.

ನಿನ್ನ ಅಕ್ಕ