ಹಿತ್ತಾಳೆ ಹೊಳೆದರೆ ದನಿ ಹೊಳೆಯದು

ಮಾನ್ಯ ಸಂಪಾದಕರೇ,

ಪುರವಣಿಯ ಮನೆ ಅಲಂಕಾರದ ಪುಟದಲ್ಲಿ ಹಿತ್ತಾಳೆ ತುತ್ತೂರಿಯ ಗ್ರಾಮಫೋನ್ ಒಂದರ ಚಿತ್ರಕ್ಕೆ 'ನೂರು ವರ್ಷದ ಅಪರೂಪದ ಯಂತ್ರ' ಎಂಬ ಅಡಿಬರಹ ಹಾಕಿದ್ದೀರಿ. ಚಿತ್ರದಲ್ಲಿ ಕಾಣುವುದು ಎಂಟು ಮೂಲೆಯ ಪೆಟ್ಟಿಗೆ, ಕನ್ನಡಿಯಂತೆ ಮಿರುಗುವ ತುತ್ತೂರಿ, ಮುಂದುಗಡೆ ನಾಯಿಯ ಹೊಸ ಸ್ಟಿಕ್ಕರ್. ಇಂಥವು ಉತ್ತರ ಭಾರತದಲ್ಲಿ ಇಂದಿಗೂ ತಯಾರಾಗುತ್ತವೆ. ಒಳಗಿನ ಮೋಟಾರು ಮಾತ್ರ ಹಳೆಯದು, ಅದೂ ಯಾವುದೋ ಪೋರ್ಟಬಲ್‌ನಿಂದ ಕಿತ್ತದ್ದು. ಪಡಸಾಲೆಯ ಅಂದಕ್ಕೆ ಇಟ್ಟುಕೊಳ್ಳುವವರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಕಲಬುರಗಿ, ಬೀದರ್ ಕಡೆ ಹಳೆಯ ಮನೆಗಳ ಅಟ್ಟದಲ್ಲಿ ಕೂತಿರುವ ಕರಿ ಸೂಟ್‌ಕೇಸಿನಂಥ ಎಚ್‌ಎಂವಿ 102 ಪೋರ್ಟಬಲ್ ಗ್ರಾಮಫೋನ್ ಪೆಟ್ಟಿಗೆ ಕೊಟ್ಟು, ಮೇಲೆ ದುಡ್ಡೂ ಸೇರಿಸಿ ಇದನ್ನು ಮನೆಗೆ ತರುವವರಿದ್ದಾರೆ. ಹಸು ಕೊಟ್ಟು ಕೊರಳ ಗಂಟೆ ಕೊಂಡಂಗ ಆಯಿತು ಅದು.

ದನಿ ಹುಟ್ಟುವುದು ಸೌಂಡ್‌ಬಾಕ್ಸಿನ, ಅಂದರೆ ಸೂಜಿ ಸಿಕ್ಕಿಸುವ ದುಂಡು ಡಬ್ಬಿಯ, ತೆಳು ಪೊರೆಯಲ್ಲಿ. ಅದನ್ನು ಕೋಣೆಯ ಗಾಳಿಗೆ ದಾಟಿಸುವುದಷ್ಟೇ ತುತ್ತೂರಿಯ ಕೆಲಸ. ಚೆನ್ನಾಗಿ ದಾಟಬೇಕಾದರೆ ಸೌಂಡ್‌ಬಾಕ್ಸಿನ ಹಿಂದಿನ ತೂತಿನಿಂದ ತುತ್ತೂರಿಯ ಬಾಯಿಯ ತನಕ ಒಳಗಿನ ದಾರಿ ಒಂದೇ ಸಮ ಹಿಗ್ಗುತ್ತ ಹೋಗಬೇಕು, ಚಕ್ರಬಡ್ಡಿ ಬೆಳೆದ ಹಾಗೆ: ಪ್ರತಿ ಇಂಚಿಗೂ ಹಿಂದಿನ ಇಂಚಿನ ವಿಸ್ತೀರ್ಣದ ಇಂತಿಷ್ಟು ಪಾಲು ಹೆಚ್ಚು. ನಕಲಿ ಯಂತ್ರದಲ್ಲಿ ಸೌಂಡ್‌ಬಾಕ್ಸನ್ನು ಹೊತ್ತ ತೋಳು, ಅಂದರೆ ಟೋನ್‌ಆರ್ಮ್, ಉದ್ದಕ್ಕೂ ಒಂದೇ ಅಳತೆಯ ಕೊಳವೆ, ಆಮೇಲೆ ಒರಟು ಮೊಣಕೈ, ಅಲ್ಲಿಂದ ಒಮ್ಮೆಲೇ ಅಗಲ. ದಾರಿ ಎಲ್ಲಿ ತಟ್ಟನೆ ಅಗಲವಾಗುತ್ತದೋ ಅಲ್ಲಿಂದ ದನಿಯ ಒಂದು ಪಾಲು ಹಿಂದಕ್ಕೆ ತಿರುಗುತ್ತದೆ. ಕೆಲವು ಸ್ವರ ಚೀರುತ್ತವೆ, ಕೆಲವು ಕೇಳಿಸುವುದೇ ಇಲ್ಲ. ತೆಳು ಹಿತ್ತಾಳೆ ತಾನೂ ಗುಂಯ್‌ಗುಡುವುದು ಅದರ ಮೇಲಿನ ಕೊಸರು.

ಬಾಯಿಯ ಅಳತೆಗೂ ಲೆಕ್ಕವಿದೆ. ಬಾಯಿಯ ಸುತ್ತಳತೆ ಸ್ವರದ ಅಲೆಯ ಉದ್ದಕ್ಕಿಂತ ಕಡಿಮೆಯಾದರೆ ಆ ಸ್ವರ ಸೊರಗುತ್ತದೆ. 18 ಇಂಚು ಅಗಲದ ಬಾಯಿಗೆ ಆ ಗಡಿ ಸುಮಾರು 240 ಹರ್ಟ್ಜ್. 100 ಹರ್ಟ್ಜ್ ಗಟ್ಟಿಯಾಗಿ ಬೇಕೆಂದರೆ ಮೂರೂವರೆ ಅಡಿ ಅಗಲದ ಬಾಯಿ ಬೇಕು. ತಬಲಾ ಜೋಡಿಯ ಡಗ್ಗಾದ ಗುಮಕಿ ಹಳೆಯ ಪ್ಲೇಟುಗಳಲ್ಲಿ (ರೆಕಾರ್ಡುಗಳಲ್ಲಿ) ಕೇಳುವುದಿಲ್ಲ ಎನ್ನುವವರಿಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ, 1925ಕ್ಕೆ ಮೊದಲು ಮೈಕ್ ಇಲ್ಲದೆ ತುತ್ತೂರಿಗೇ ಹಾಡಿ ಮುದ್ರಿಸುತ್ತಿದ್ದುದು. ಗುಮಕಿ ಪ್ಲೇಟಿನೊಳಗೇ ಇಳಿದಿಲ್ಲ. 102ರಲ್ಲೂ ಡಗ್ಗಾ ಹುಡುಕಬೇಡಿ, ಅದರ ತುತ್ತೂರಿ ಪೆಟ್ಟಿಗೆಯೊಳಗೆ ಅಡಗಿದ ಸಣ್ಣದು. ಆದರೆ ದಾರಿ ಸರಿಯಾಗಿ ಹಿಗ್ಗುವುದರಿಂದ ಕಂಠ, ಹಾರ್ಮೋನಿಯಂ, ಸಾರಂಗಿ ಸ್ಪಷ್ಟವಾಗಿ ಕೇಳುತ್ತವೆ.

ಅಪರೂಪ ಎಂಬ ಮಾತಿಗೆ ತಕ್ಕ ಯಂತ್ರಗಳು ಬೇರೆಯೇ ಇವೆ, ಹೊಳಪು ಅವುಗಳಲ್ಲಿ ಕಡಿಮೆ. ಅಮೆರಿಕದ ವಿಕ್ಟರ್ ಕಂಪನಿಯ 1925ರ ಕ್ರೆಡೆಂಜಾ ನೋಡಲು ಬಟ್ಟೆಯ ಕಪಾಟು, ಒಳಗೆ ಮಡಚಿದ ಉದ್ದ ತುತ್ತೂರಿ. ಲಂಡನ್ನಿನ ಇಎಂಜಿಯವರು 1930ರ ದಶಕದಲ್ಲಿ ಕಾಗದದ ಮುದ್ದೆಯಿಂದಲೇ ಎರಡೂವರೆ ಅಡಿ ಆಸುಪಾಸಿನ ಬಾಯಿಯ ತುತ್ತೂರಿ ಮಾಡಿದರು. ಕಾಗದ ಲೋಹದಂತೆ ಝೇಂಕರಿಸುವುದಿಲ್ಲ, ಕಾರಣ ಅಷ್ಟೇ. ರದ್ದಿ ಕಾಗದ ನೆನೆಸಿ, ಮೆಂತ್ಯ ರುಬ್ಬಿ ಹಾಕಿ ಬುಟ್ಟಿ ಮಾಡುತ್ತಿದ್ದ ನಮ್ಮ ಕಡೆಯ ಅಜ್ಜಿಯರಿಗೆ ಆ ತುತ್ತೂರಿ ತೋರಿಸಿದ್ದರೆ ನಕ್ಕಿರೋರು. 1924ರ ಎಚ್‌ಎಂವಿ ಲ್ಯೂಮಿಯೇರ್ ಯಂತ್ರಕ್ಕೆ ತುತ್ತೂರಿಯೇ ಇಲ್ಲ. ನೆರಿಗೆ ಹಿಡಿದ ಸುಮಾರು 14 ಇಂಚಿನ ಕಾಗದದ ಬಿಲ್ಲೆ ನೇರವಾಗಿ ಗಾಳಿಯನ್ನು ನಡುಗಿಸುತ್ತದೆ. ಬೆರಳು ತಗುಲಿ ಹರಿದರೆ ಮುಗಿಯಿತು. ಜರ್ಮನಿಯ ಕ್ಲಿಂಗ್ಸರ್‌ನಲ್ಲಿ ತುತ್ತೂರಿಯ ಬಾಯಿಗೆ ಅಡ್ಡಲಾಗಿ ತಂತಿ ಬಿಗಿದಿದ್ದಾರೆ, ತಾವಾಗಿಯೇ ಮಿಡಿಯುವ ಸಾರಂಗಿಯ ತರಬು ತಂತಿಗಳ ಹಾಗೆ. ಕೇಳುಗರಿಗಿಂತ ಮಾರುವವರಿಗೆ ಅದರಿಂದ ಹೆಚ್ಚು ಉಪಯೋಗವಾಯಿತೆಂದೇ ನಮ್ಮ ಲೆಕ್ಕ. ಇನ್ನು ಆಕ್ಸೆಟೋಫೋನ್: ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳಲ್ಲಿ ತಿರುಗುವ ಉಗಿ ಟರ್ಬೈನಿನ ಮೂಲಪುರುಷ ಚಾರ್ಲ್ಸ್ ಪಾರ್ಸನ್ಸರೇ ಸುಧಾರಿಸಿ ಬೆಳೆಸಿದ ಯಂತ್ರ. ಪಂಪಿನಿಂದ ಬರುವ ಒತ್ತಡದ ಗಾಳಿಯನ್ನು ಸೂಜಿಗೆ ಕಟ್ಟಿದ ಕವಾಟ ತೆರೆದು ಮುಚ್ಚಿ ಹಾಡಾಗಿಸುತ್ತಿತ್ತು. ಸದ್ದು ಭಾರಿ, ಜೊತೆಗೆ ಗಾಳಿಯ ಬುಸುಗುಟ್ಟುವಿಕೆಯೂ ಭಾರಿ.

ಅಟ್ಟದ ಪೆಟ್ಟಿಗೆಗೆ ಬರೋಣ. 'ದನಿ ಒಡೆದಿದೆ' ಎಂದು ಮೂಲೆಗೆ ಹಾಕಿದವುಗಳಲ್ಲಿ ಬಹಳಷ್ಟಕ್ಕೆ ಆಗಿರುವುದು ರಬ್ಬರಿನ ರೋಗ. ಪೊರೆಯ ಅಂಚಿನ ಎರಡೂ ಬದಿಗೆ ರಬ್ಬರ್ ಬಳೆ ಇರುತ್ತದೆ. ವರ್ಷಗಳು ಕಳೆದಂತೆ ಅದು ಕಲ್ಲಾಗುತ್ತದೆ, ಪೊರೆ ಅಲುಗಾಡದೆ ಕಿರುಗುಡುತ್ತದೆ. ಅಭ್ರಕದ ಪೊರೆಯ ಹಳೆಯ ಎಕ್ಸಿಬಿಷನ್ ಅಥವಾ ನಂಬರ್ 4 ಸೌಂಡ್‌ಬಾಕ್ಸಾದರೆ ಬಿಚ್ಚಿ ಸರಿಮಾಡಬಹುದು. ಹಿಂದಿನ ಸ್ಕ್ರೂ ತೆಗೆಯಿರಿ. ಪೊರೆಯ ನಡುವೆ, ಸೂಜಿಯ ಅಲುಗಾಟ ತರುವ ಕಡ್ಡಿ ಕೂತ ಕಡೆ ಇರುವ ಜೇನುಮೇಣವನ್ನು ಬಿಸಿ ಮಾಡಿದ ಸೂಜಿಮೊನೆಯಿಂದ ಕರಗಿಸಿ, ಪುಟ್ಟ ಸ್ಕ್ರೂ ಬಿಡಿಸಿ. ಹೊಸ ಬಳೆಗೆ ಸೈಕಲ್ಲಿನ ವಾಲ್‌ಟ್ಯೂಬ್ ನಡೆಯುತ್ತದೆ. ತುದಿಗೆ ತುದಿ ಸರಿಯಾಗಿ ಮುಟ್ಟುವಂತೆ ಕತ್ತರಿಸಬೇಕು: ಸಂದು ಬಿಟ್ಟರೆ ಗಾಳಿ ಸೋರುತ್ತದೆ, ಒಂದರ ಮೇಲೊಂದು ಬಂದರೆ ಪೊರೆ ಸೊಟ್ಟಗಾಗುತ್ತದೆ. ಎರಡು ಬಳೆಗಳ ಜೋಡಣೆ ಒಂದೇ ಕಡೆ ಬೇಡ. ಮರಳಿ ಕೂರಿಸುವಾಗ ಕಡ್ಡಿ ಪೊರೆಯನ್ನು ಒತ್ತಲೂಬಾರದು, ಎಳೆಯಲೂಬಾರದು, ಬರಿದೆ ಮುಟ್ಟಿರಬೇಕು. ಇದು ತಪ್ಪಿದರೆ ಎಷ್ಟು ಹೊಸ ರಬ್ಬರ್ ಹಾಕಿದರೂ ಪ್ರಯೋಜನವಿಲ್ಲ. ಕಡೆಗೆ ಮೇಣದ ಒಂದು ಹನಿ.

102ರ ಅಲ್ಯೂಮಿನಿಯಂ ಪೊರೆಯ ಸೌಂಡ್‌ಬಾಕ್ಸನ್ನು ಮನೆಯಲ್ಲಿ ಬಿಚ್ಚಬೇಡಿ. ಅದರೊಳಗೆ ಸಾಸಿವೆಯಂಥ ಗುಂಡುಗಳಿವೆ, ಒಂದು ಉರುಳಿಹೋದರೆ ಕೆಲಸ ನಿಂತಿತು. ಆ ಕಾಲದ ಎಷ್ಟೋ ಸೌಂಡ್‌ಬಾಕ್ಸುಗಳ ಕವಚ ಸತುವಿನ ಎರಕದ್ದು. ಎರಕದಲ್ಲಿ ಸೀಸದ ಕಲಬೆರಕೆ ಇದ್ದರೆ ಅದು ಉಬ್ಬಿ, ಬಿರುಕು ಬಿಟ್ಟು, ಸ್ಕ್ರೂ ತಿರುಗಿಸಿದೊಡನೆ ಪುಡಿಯಾಗುತ್ತದೆ. ನಮ್ಮ ಬಿದ್ರಿಯೂ ಸತುವಿನದೇ, ಆದರೆ ಅದು ತಾಮ್ರ ಬೆರೆತ ಸತು, ಈ ರೋಗ ಅದಕ್ಕಿಲ್ಲ.

ಚಾವಿ ಕೊಡುವಾಗ ಒಳಗೆ ಧಡ್ ಧಡ್ ಎಂದರೆ ಸ್ಪ್ರಿಂಗ್ ಮುರಿದಿದೆ ಎಂದಲ್ಲ, ಬಹುಪಾಲು ಒಣಗಿದ ಗ್ರೀಸಿಗೆ ಅಂಟಿದ ಸುತ್ತುಗಳು ಒಮ್ಮೆಲೇ ಬಿಡುತ್ತಿವೆ. ಗ್ರಾಫೈಟ್ ಗ್ರೀಸ್ ಬೇಕು, ಕೊಬ್ಬರಿ ಎಣ್ಣೆ ಬೇಡ. ಸ್ಪ್ರಿಂಗಿನ ಡಬ್ಬಿಯನ್ನು ಗೊತ್ತಿದ್ದವರೇ ತೆರೆಯಲಿ. ಆ ಪಟ್ಟಿ ಚಿಮ್ಮಿದರೆ ಬೆರಳಿಗೆ ಆಪತ್ತು.

ಪ್ಲೇಟಿನ ಒಂದು ಮಗ್ಗುಲಿಗೆ ಒಂದು ಹೊಸ ಸೂಜಿ. ಇದು ಜಿಪುಣತನ ಮಾಡುವ ಜಾಗವಲ್ಲ. ಅರಗಿನ ಪ್ಲೇಟಿನಲ್ಲಿ ಕಲ್ಲಿನ ಪುಡಿ ಬೆರೆಸಿರುವುದರಿಂದ ಮೂರು ನಿಮಿಷದಲ್ಲಿ ಉಕ್ಕಿನ ಮೊನೆ ಸವೆದು ಉಳಿಯಂತಾಗುತ್ತದೆ. ಎರಡನೇ ಸಲ ಅದೇ ಉಳಿ ಗೆರೆಯ ಗೋಡೆ ಕೆತ್ತುತ್ತದೆ. ಉಕ್ಕಿನ ಸೂಜಿಯ ಬದಲು ಗಿಡದ ಒಣಗಿದ ಗಟ್ಟಿ ಮುಳ್ಳನ್ನು ತೂತಿಗೆ ತಕ್ಕಂತೆ ಹೆರೆದು ಹಾಕಿದರೆ ಸದ್ದು ಕಡಿಮೆ, ಪ್ಲೇಟಿನ ಸವೆತವೂ ಕಡಿಮೆ. ಆದರೆ ಮೊದಲೇ ಸವೆದ ಪ್ಲೇಟಿನಲ್ಲಿ ಮುಳ್ಳಿನ ಮೊನೆ ಅರ್ಧದಲ್ಲೇ ಕುಸಿಯುತ್ತದೆ.

ಪಾಥೆ ಹೆಸರಿನ ಹಳೆಯ ಪ್ಲೇಟು ಸಿಕ್ಕರೆ ಉಕ್ಕಿನ ಸೂಜಿ ಮುಟ್ಟಿಸಲೇಬೇಡಿ. ಕಲ್ಕತ್ತೆಯ ಎಚ್. ಬೋಸ್ ಹೆಸರಿನವೂ ಇದೇ ಜಾತಿ. ಅವುಗಳಲ್ಲಿ ದನಿ ಗೆರೆಯ ಅಕ್ಕಪಕ್ಕದಲ್ಲಿಲ್ಲ, ಆಳದ ಏರಿಳಿತದಲ್ಲಿದೆ. ನುಣುಪು ನೀಲಮಣಿ ಗುಂಡು ಬೇಕು, ಸೌಂಡ್‌ಬಾಕ್ಸನ್ನೂ 90 ಡಿಗ್ರಿ ತಿರುಗಿಸಬೇಕು. ಮೊದಮೊದಲಿನವು ಒಳಗಿನಿಂದ ಹೊರಕ್ಕೆ ಓಡುತ್ತವೆ.

ಮೇ ತಿಂಗಳಲ್ಲಿ ತಗಡಿನ ಶೆಡ್ಡು, ನಿಂತ ಕಾರು ಎರಡೂ ಪ್ಲೇಟಿಗೆ ವೈರಿಗಳು. ನೆಟ್ಟಗೆ, ಒತ್ತಾಗಿ ನಿಲ್ಲಿಸಿಡಿ, ಓರೆಯಾಗಿ ಒರಗಿಸಬೇಡಿ. ತೊಳೆಯಲು ನೀರು, ತುಸು ಸೌಮ್ಯ ಸೋಪು ಸಾಕು. ಸ್ಪಿರಿಟ್ ಹಚ್ಚಿದರೆ ಅರಗು ಕರಗುತ್ತದೆ.

ಕೊಳ್ಳಲು ಹೋಗುವವರು ತಮ್ಮದೇ ಒಂದು ಪ್ಲೇಟು, ಹೊಸ ಸೂಜಿ ಒಯ್ಯಲಿ. ಲೇಬಲ್ಲಿನ ಅಂಚಿಗೆ ಚೀಟಿ ಅಂಟಿಸಿ, ಸೂಜಿ ಇಳಿಸಿ, 20 ಸೆಕೆಂಡಿನಲ್ಲಿ 26 ಸುತ್ತು ಆಗುತ್ತವೆಯೇ ಎಂದು ಎಣಿಸಲಿ. ಸೂಜಿ ಇಳಿಸದೆ ಎಣಿಸಿದರೆ ಲೆಕ್ಕ ಸುಳ್ಳು, ಭಾರ ಬಿದ್ದಾಗಲೇ ಮೋಟಾರಿನ ಬಂಡವಾಳ ಬಯಲಾಗುವುದು. ಅಂಗಡಿಯವರು ಅರ್ಧ ನಿಮಿಷಕ್ಕೆ ಸೂಜಿ ಎತ್ತಲು ಬಂದರೆ ತಡೆದು, ಪ್ಲೇಟಿನ ಕೊನೆಯ ಇಂಚಿನ ತನಕ ಕೇಳಲಿ. ಸೋತ ಸ್ಪ್ರಿಂಗ್ ಅಲ್ಲಿ ಶ್ರುತಿ ಇಳಿಸುತ್ತದೆ.

— ಗ್ರಾಮಫೋನ್ ದುರಸ್ತಿಗಾರರಿಬ್ಬರು, ಕಲಬುರಗಿ